ಬರಿ ಓ

ನಮ್ಮೂರಿನಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆದರೆ ಓ ಅನ್ನುತ್ತಾರೆ. ಅಷ್ಟೇ, ಮತ್ತೇನೂ ಅನ್ನುವುದಿಲ್ಲ. ಒಳಗಿನಿಂದ ಕರೆದರೆ ಹಿತ್ತಲಿನಿಂದ, ಹಿತ್ತಲಿನಿಂದ ಕರೆದರೆ ಬೀದಿಯ ಕಡೆಯಿಂದ, ಒಟ್ಟಿನಲ್ಲಿ ಕರೆದವರ ಕಣ್ಣಿಗೆ ಬೀಳದ ಮಗ್ಗುಲಿನಿಂದ ದನಿ ಬರುತ್ತದೆ. ಹುಡುಕಿಕೊಂಡು ಹೋದರೆ ಅಲ್ಲಿ ಯಾರೂ ಇರುವುದಿಲ್ಲ. ಹದಿಮೂರನೆಯ ದಿನ ಮನೆಯ ಹಿರಿಯರೊಬ್ಬರು ಅಂಗಳದಲ್ಲಿ ನಿಂತು ಮೂರು ಸಲ ಕರೆದು, "ಸಾಕು, ಇನ್ನು ಓ ಅನ್ನಬೇಡ" ಎಂದು ಹೇಳುತ್ತಾರೆ. ಅಲ್ಲಿಗೆ ದನಿ ನಿಲ್ಲುತ್ತದೆ. ಹೇಳಲು ಮನಸ್ಸು ಬಾರದ ಮನೆಗಳಲ್ಲಿ ವರ್ಷಗಟ್ಟಲೆ ಓ ಅನ್ನುತ್ತಲೇ ಇರುತ್ತಾರೆ. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ಬದುಕಿದ್ದಾಗ ಕಿವುಡಿ, ತಮಟೆ ಹೊಡೆದರೂ ತಿರುಗಿ ನೋಡುತ್ತಿರಲಿಲ್ಲ. ಸತ್ತ ಮೇಲೆ ಪಿಸುಗುಟ್ಟಿದರೂ ಓ ಅನ್ನತೊಡಗಿದಳು. ಅವಳ ಸೊಸೆ ಬಂದವರ ಮುಂದೆಲ್ಲ ಅತ್ತೆಯನ್ನು ಕರೆದು ತೋರಿಸಿ, ಈಗೆಷ್ಟು ವಿಧೇಯರಾಗಿದ್ದಾರೆ ನೋಡಿ ಎಂದು ಹೆಮ್ಮೆಪಡುತ್ತಿದ್ದಳು. ಗಂಡನ ಹೆಸರು ಹೇಳದ ಹೆಂಗಸರದು ಇನ್ನೊಂದು ಪಜೀತಿ. ಯಾವಳಾದರೂ ಒಬ್ಬಳು "ರೀ" ಎಂದು ಕೂಗಿದರೆ ಬೀದಿಯ ಗಂಡಂದಿರೆಲ್ಲ, ಇರುವವರೂ ಹೋದವರೂ, ಒಟ್ಟಿಗೇ ಓಗೊಡುತ್ತಿದ್ದರು.

ಹೀಗಿರುವುದರಿಂದ ಬದುಕಿರುವವರಿಗೆ ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಯಾರಾದರೂ ಕರೆದರೆ ಬರಿ ಓ ಅನ್ನಬಾರದು, "ಓ, ಬಂದೆ" ಅನ್ನಬೇಕು. ಬಂದೆ ಎಂಬ ಮಾತು ಸತ್ತವರ ಬಾಯಲ್ಲಿ ಬರುವುದಿಲ್ಲ. ಮಗು ತೊದಲು ಮಾತು ಕಲಿಯುವಾಗ ಅಮ್ಮ, ಅಪ್ಪ ಆದ ಮೇಲೆ ಮೂರನೆಯ ಮಾತಾಗಿ ಬಂದೆ ಕಲಿಸುತ್ತಿದ್ದರು. ಒಮ್ಮೆ ಬಂದೆ ಅಂದ ಮೇಲೆ ಕೈಯಲ್ಲಿ ಏನೇ ಕೆಲಸವಿದ್ದರೂ ಬಿಟ್ಟು ಹೋಗಲೇಬೇಕು. ಬಂದೆ ಎಂದು ಹೇಳಿ ಬಾರದೆ ಉಳಿದವನಿಗೆ ನಮ್ಮೂರಲ್ಲಿ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ನಾವು ನಾಲ್ಕು ಜನ ಹತ್ತನೇ ಕ್ಲಾಸಿಗೆ ಬಂದ ವರ್ಷ ಈ ಬಂದೆಯನ್ನು ಕೈಬಿಟ್ಟೆವು. ಅದಕ್ಕೆ ಕಾರಣ ಬೇಕಿರಲಿಲ್ಲ, ಹದಿನಾರು ವರ್ಷವಾಗಿತ್ತು, ಅದೇ ಕಾರಣ. ಮನೆಯಲ್ಲಿ ಕರೆದರೆ ಬೇಕೆಂದೇ ಬರಿ ಓ ಅಂದು ಸುಮ್ಮನಾಗುತ್ತಿದ್ದೆವು. ನನ್ನ ಅಮ್ಮ ಮೊದಲ ಸಲ ಕೈಯಲ್ಲಿದ್ದ ಪಾತ್ರೆ ಬಿಸಾಡಿ ಓಡಿ ಬಂದು, ನಾನು ಕಾಲು ಚಾಚಿ ಕೂತಿರುವುದನ್ನು ನೋಡಿ ಬೆನ್ನಿಗೆ ಎರಡು ಬಾರಿಸಿದಳು. ಎರಡನೆಯ ಸಲ ನಡೆದುಕೊಂಡು ಬಂದಳು. ಹತ್ತನೆಯ ಸಲದ ಹೊತ್ತಿಗೆ ಬರುವುದನ್ನೇ ಬಿಟ್ಟಳು. ನಾಲ್ಕೂ ಮನೆಯಲ್ಲಿ ಹೀಗೇ ಆಯಿತು. ನಾವು ಗೆದ್ದೆವು ಅಂದುಕೊಂಡೆವು.

ನಮ್ಮ ಗುಂಪಿನಲ್ಲಿ ಹಾಲೇಶ ದೊಡ್ಡವನು, ಅಂದರೆ ನಮಗಿಂತ ಒಂದು ಸಲ ಹೆಚ್ಚಿಗೆ ಫೇಲಾಗಿದ್ದವನು. ಅವನ ಮಾವನ ಸೈಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ನಮ್ಮ ಕೇರಂ ಬೋರ್ಡು ಇತ್ತು. ಕುಮುದ ಲೆಕ್ಕದಲ್ಲಿ ಜಾಣೆ, ಕೇರಂನಲ್ಲಿ ಇನ್ನೂ ಜಾಣೆ, ಬೇರೆಯವರ ಸುಖದುಃಖದಲ್ಲಿ ಅವಳಿಗೆ ಆಸಕ್ತಿ ಇರಲಿಲ್ಲ. ಪಾಲಾಕ್ಷ ಸಣಕಲ, ನಗುಮೊಗದವನು, ಯಾರು ಯಾವಾಗ ಆಟಕ್ಕೆ ಕರೆದರೂ "ಓ" ಎಂದು ಉದ್ದಕ್ಕೆ ಎಳೆದು ಬರುವವನು. ಅವನ ತಾಯಿ ಶಿವಗಂಗಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದಳು, ತಂದೆ ಇರಲಿಲ್ಲ. ನಾನು ದಾಕ್ಷಾಯಣಿ. ನನಗಿದ್ದ ವಿದ್ಯೆ ಒಂದೇ, ಯಾರ ದನಿಯನ್ನಾದರೂ ಹಾಗೇ ತೆಗೆಯುತ್ತಿದ್ದೆ. ಹೆಡ್‌ಮೇಷ್ಟ್ರ ದನಿಯಲ್ಲಿ ಒಂದು ಸಲ ಇಡೀ ಶಾಲೆಗೆ ರಜೆ ಕೊಟ್ಟಿದ್ದೆ.

ಒಂದು ದಿನ ಹಾಲೇಶ ಕಾಡಿಗೆಯಿಂದ ತೆಳ್ಳಗೆ ಮೀಸೆ ಬರೆದುಕೊಂಡು ಬಂದ. ಕಾಡಿಗೆ ಎಂದು ನಮಗೆಲ್ಲ ಗೊತ್ತಾಯಿತು, ಯಾರೂ ಹೇಳಲಿಲ್ಲ. ಪಾಲಾಕ್ಷ ಮಾತ್ರ ಬೆರಳಿಗೆ ಎಂಜಲು ಹಚ್ಚಿಕೊಂಡು ಅರ್ಧ ಮೀಸೆಯನ್ನು ಅಳಿಸಿ, ಕುಮುದಳಿಗೆ ಬೆರಳು ತೋರಿಸಿ ನಕ್ಕ. ಕುಮುದಳೂ ನಕ್ಕಳು. ಹಾಲೇಶನೂ ನಕ್ಕ. ಎರಡು ದಿನ ಬಿಟ್ಟು, ಗಿಣಿಮರಿ ಹಿಡಿಯೋಣ ಎಂದು ಪಾಲಾಕ್ಷನನ್ನು ಊರಾಚೆಯ ಹಳೇ ಇಟ್ಟಿಗೆ ಗೂಡಿಗೆ ಕರೆದುಕೊಂಡು ಹೋದ.

ಆ ಸಂಜೆ ಹಾಲೇಶ ಕೇರಂ ಕೋಣೆಗೆ ತಡವಾಗಿ ಬಂದ. ಮೊಣಕೈವರೆಗೆ ತೊಳೆದುಕೊಂಡಿದ್ದ. ಕುಮುದ ಬೋರ್ಡಿನ ನಡುವೆ ಕಾಯಿ ಜೋಡಿಸುತ್ತಿದ್ದಳು, ನಾನು ಪೌಡರ್ ಉದುರಿಸುತ್ತಿದ್ದೆ.

"ಪಾಲಾಕ್ಷ ಇನ್ನು ಬರಲ್ಲ," ಅಂದ ಅವನು. "ಗೂಡಿನ ಹತ್ರ ಮುಗಿಸ್ಬಿಟ್ಟೆ. ಇಟ್ಟಿಗೇಲಿ."

ಕುಮುದ ತಲೆ ಎತ್ತಿದಳು. "ಹಾಗಾದ್ರೆ ನಾಲ್ಕನೇ ಕೈಗೆ ಯಾರು?"

ಅವಳು ಕೇಳಿದ್ದು ಅಷ್ಟೇ. ನಾನು ಅದನ್ನೂ ಕೇಳಲಿಲ್ಲ. ಮೂರು ಜನ ಆಡಲಾಗುತ್ತದೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ಕೊನೆಗೆ ಪಾಲಾಕ್ಷನ ಸರದಿ ಬಂದಾಗ ಅವನನ್ನು ಕರೆದು, ಓ ಅಂದರೆ ಸ್ಟ್ರೈಕರನ್ನು ಮುಂದಿನವರಿಗೆ ದಾಟಿಸುವುದು ಎಂದು ತೀರ್ಮಾನವಾಯಿತು. ಕರೆದೆವು. ಗೋಡೆಯ ಆಚೆಯಿಂದ ಓ ಅಂದ, ಅದೇ ಉದ್ದನೆಯ ಓ. ದಾಟಿಸಿದೆವು. ಕುಮುದಳೇ ಗೆದ್ದಳು.

ಮರುದಿನ ಶಾಲೆ ಬಿಟ್ಟ ಮೇಲೆ ನೋಡಲು ಹೋದೆವು. ಹಾಲೇಶ ಮೇಲೆ ಇಟ್ಟಿಗೆ ಪೇರಿಸಿದ್ದ, ಆದರೆ ಅವನ ಕೆಲಸವೆಲ್ಲ ಅರ್ಧಂಬರ್ಧ. ಒಂದು ಕಾಲು ಹೊರಗೆ ಕಾಣುತ್ತಿತ್ತು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಉಂಗುಟದ ಹತ್ತಿರ ಕಿತ್ತುಹೋದ ಕಡೆ ಪಿನ್ನು ಚುಚ್ಚಿತ್ತು. ಕುಮುದ "ಪಾಲಾಕ್ಷಾ" ಎಂದು ಕರೆದಳು. ಗೂಡಿನ ಹಿಂದಿನಿಂದ ಓ ಎಂದು ಬಂತು. ಮೂವರಿಗೂ ನಗು ಬಂತು. ಹಾಲೇಶ ಇನ್ನೊಂದು ನಾಲ್ಕು ಇಟ್ಟಿಗೆ ಇಟ್ಟು ಕಾಲು ಮುಚ್ಚಿದ. ಬರುವಾಗ ಮೆಣಸಿನಕಾಯಿ ಬಜ್ಜಿ ತಿಂದೆವು, ಖಾರ ಸಾಲದು ಎಂದು ಅಂಗಡಿಯವನ ಜೊತೆ ಜಗಳ ಮಾಡಿದೆವು. ನನಗೆ ಅವತ್ತು ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಕರೆದರೆ ಓ ಅನ್ನುತ್ತಾನಲ್ಲ, ಇನ್ನೇನು ಹೋಯಿತು ಅನ್ನಿಸಿತು. ಈಗ ಅದನ್ನು ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಶಾಲೆಯಲ್ಲೂ ಏನೂ ತೊಡಕಾಗಲಿಲ್ಲ. ಮೇಷ್ಟ್ರು ಹಾಜರಿ ಕೂಗುವಾಗ ಪಾಲಾಕ್ಷನ ಹೆಸರು ಬಂದರೆ ಕಿಟಕಿಯ ಹೊರಗಿನಿಂದ ಓ ಎಂದು ಕೇಳುತ್ತಿತ್ತು. ಒಳಗೆ ಬಾರೋ ಕತ್ತೆ ಎಂದು ಬೈದು ಮೇಷ್ಟ್ರು ಹಾಜರಿ ಹಾಕುತ್ತಿದ್ದರು. ನಮ್ಮ ನಾಲ್ವರ ಬರಿ ಓ ಅವರಿಗೆ ಅಷ್ಟು ಹೊತ್ತಿಗೆ ರೂಢಿಯಾಗಿತ್ತು. ಬದುಕಿದ್ದಾಗ ಯಾವ ವಾರವೂ ಪೂರ್ತಿ ಶಾಲೆಗೆ ಬಾರದವನು ಆ ವಾರ ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ.

ಶಿವಗಂಗಮ್ಮ ಮಾತ್ರ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಊಟಕ್ಕೆ ಕರೆಯುತ್ತಿದ್ದಳು. ಹಿತ್ತಲಿನಿಂದ ಓ ಅನ್ನುತ್ತಿದ್ದ. ಬರುತ್ತಿರಲಿಲ್ಲ. ಊಟಕ್ಕೆ ಕರೆದರೆ ಓ ಅಂದು ಬಾರದೇ ಇರುವ ಹದಿನಾರರ ಹುಡುಗ ಯಾವ ಊರಲ್ಲಿ ಇಲ್ಲ? ಅವಳು ಒಂದೆರಡು ಸಲ ಕರೆದು, ಬೈದು, ತಟ್ಟೆಗೆ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ ಹಿತ್ತಲ ಜಗಲಿಯ ಮೇಲಿಟ್ಟು ಮಲಗಿಬಿಡುತ್ತಿದ್ದಳು. ಭಟ್ಟಿಗೆ ಬೆಳಗಿನ ಜಾವಕ್ಕೇ ಹೋಗಬೇಕಿತ್ತು. ಮಗ ಬಂದು ಉಂಡು ಹಾಲೇಶನ ಮನೆಗೆ ಹೋಗಿ ಮಲಗುವುದು ಮೊದಲಿನಿಂದಲೂ ಇದ್ದದ್ದೇ.

ತಟ್ಟೆ ತುಂಬಿದಂತೆಯೇ ಇದ್ದರೆ ಅನುಮಾನ ಬರುತ್ತದೆ, ದಿನಕ್ಕೊಬ್ಬರಂತೆ ಹೋಗಿ ತಿಂದು ಬರೋಣ ಎಂದವಳು ಕುಮುದ. ಹೇಳಿದೆನಲ್ಲ, ಲೆಕ್ಕದಲ್ಲಿ ಜಾಣೆ. ಕತ್ತಲಾಗುವ ಮುಂಚೆ ಹಿತ್ತಲ ಗೋಡೆಯ ಹಿಂದೆ ಕಾಯುವುದು, ಶಿವಗಂಗಮ್ಮ ಒಳಗೆ ಹೋದ ಮೇಲೆ ಹತ್ತಿ ಇಳಿಯುವುದು. ನಾವು ಅದರಲ್ಲೂ ಜಗಳ ಆಡಿದೆವು. ಉಪ್ಪಿಟ್ಟಿನ ದಿನ ನನ್ನ ಪಾಲಿಗೆ ಯಾಕೆ ಬಂತು, ಚಿತ್ರಾನ್ನದ ದಿನ ಹಾಲೇಶನಿಗೆ ಯಾಕೆ ಹೋಯಿತು ಎಂದು. ಶಿವಗಂಗಮ್ಮನ ಕೈರುಚಿ ದೊಡ್ಡದು. ಸತ್ತವನ ಅನ್ನ ತಿನ್ನುತ್ತಿದ್ದೇನೆ ಎಂದು ನನಗೆ ಒಂದು ತುತ್ತಿಗೂ ಅನ್ನಿಸಲಿಲ್ಲ.

ಎಂಟನೆಯ ದಿನ ನನ್ನ ಸರದಿ. ಮುಚ್ಚಿದ ತಟ್ಟೆ ತೆಗೆದರೆ ರಾಗಿ ರೊಟ್ಟಿ, ಹಾಗಲಕಾಯಿ ಪಲ್ಯ. ನಮ್ಮ ಮನೆಯಲ್ಲಿ ಅಪ್ಪನಿಗೆ ಆಗುವುದಿಲ್ಲವೆಂದು ಹಾಗಲಕಾಯಿ ತರುತ್ತಲೇ ಇರಲಿಲ್ಲ, ನನಗೋ ಅದೆಂದರೆ ಪ್ರಾಣ. ಬೆಲ್ಲ, ಹುಣಸೆ ಹಾಕಿ ಚೆನ್ನಾಗಿ ಹುರಿದಿದ್ದಳು. ಒಂದು ಹೋಳೂ ಬಿಡದೆ ತಿಂದು ಬೆರಳಲ್ಲಿ ತಟ್ಟೆ ಬಳಿದೆ.

ಮಾರನೆಯ ಸಂಜೆ ಕುಮುದಳ ಸರದಿ. ಏನು ಅಡುಗೆ ಮಾಡಿದ್ದಾಳೋ ನೋಡೋಣ ಎಂದು ಮೂವರೂ ಗೋಡೆಯ ಹಿಂದೆ ಕೂತಿದ್ದೆವು. ಶಿವಗಂಗಮ್ಮ ತಟ್ಟೆ ಇಲ್ಲದೆ ಬರಿಗೈಯಲ್ಲಿ ಹಿತ್ತಲಿಗೆ ಬಂದಳು.

"ಪಾಲಾಕ್ಷ," ಎಂದು ಕರೆದಳು.

ಬೀದಿಯ ಕಡೆಯಿಂದ ಓ ಎಂದು ಬಂತು.

"ಬಂದೆ ಅನ್ನಪ್ಪ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಮತ್ತೆ ಕರೆದಳು, ಮತ್ತೆ ಓ ಅಂದ.

"ಒಂದೇ ಒಂದ್ಸಲ ಬಂದೆ ಅನ್ನೋ. ಬರ್ದಿದ್ರೂ ಬೈಯಲ್ಲ."

ಹಾಲೇಶ ನನ್ನ ಪಕ್ಕೆಗೆ ತಿವಿದು, ನೀನು ಅನ್ನು ಎಂದು ಸನ್ನೆ ಮಾಡಿದ. ನನ್ನ ವಿದ್ಯೆ ತೋರಿಸಲು ನನಗೆ ಯಾವತ್ತೂ ಎರಡು ಸಲ ಹೇಳಬೇಕಾಗಿರಲಿಲ್ಲ. ಪಾಲಾಕ್ಷನ ದನಿ ಸುಲಭ, ಮೂಗಿನಲ್ಲಿ ಸ್ವಲ್ಪ, ಕೊನೆಯಲ್ಲಿ ಎಳೆತ. "ಬಂದೇ," ಅಂದೆ.

ಆಮೇಲೆ ಅವಳು ಒಳಗೆ ಹೋದ ಸದ್ದು, ಮಣೆ ಎಳೆದ ಸದ್ದು, ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿದ ಸದ್ದು. ಹಾಲೇಶ ನನ್ನ ಬೆನ್ನು ತಟ್ಟಿದ. ಕುಮುದ ಇವತ್ತು ತಟ್ಟೆ ಹೊರಗೆ ಬರುವುದಿಲ್ಲ, ನಡೀರಿ ಆಟಕ್ಕೆ ಎಂದು ಎದ್ದಳು. ಅವರಿಬ್ಬರೂ ಹೋದರು. ನಾನು ಏಳಲು ನೋಡಿದೆ, ಆಗಲಿಲ್ಲ. ಬಂದೆ ಎಂದು ಹೇಳಿದವಳು ನಾನು. ತೊದಲು ಮಾತಿನ ಕಾಲದಿಂದ ಕಲಿತದ್ದು ಎಂಟು ತಿಂಗಳ ಷೋಕಿಗೆ ಅಳಿದುಹೋಗಿರಲಿಲ್ಲ. ಒಳಗೆ ಒಬ್ಬಳು ಮಣೆ ಹಾಕಿ ಕಾಯುತ್ತಿದ್ದಾಳೆ, ಬರುವವರು ಯಾರೂ ಇಲ್ಲ ಎಂದು ನನಗೆ ಗೊತ್ತು. ಗೋಡೆ ಹತ್ತಲಿಲ್ಲ. ಬೀದಿ ಸುತ್ತಿ ಮುಂಬಾಗಿಲಿನಿಂದ ಹೋದೆ.

ಅವಳು ನನ್ನನ್ನು ನೋಡಿ ಬೆಚ್ಚಲಿಲ್ಲ. ಮಣೆ ತೋರಿಸಿ ಕೂತ್ಕೋ ಅಂದಳು. ಕೂತೆ. ತಟ್ಟೆಯಲ್ಲಿ ಏನೂ ಬಡಿಸಿರಲಿಲ್ಲ.

"ನಿನ್ನೆ ಹಾಗಲಕಾಯಿ ತಿಂದೋಳು ನೀನಾ?"

"ಹೂಂ, ಅತ್ತೆ."

"ಚೆನ್ನಾಗಿತ್ತಾ?"

"ಹೂಂ."

"ಅವನು ಹುಟ್ಟಿದಾಗಿಂದ ಮುಟ್ಟಿಲ್ಲ ಕಣೆ. ತಟ್ಟೆ ತುದೀಲಿ ಇಟ್ರೂ ಎದ್ದು ಹೋಗೋನು. ಅದಕ್ಕೇ ಮಾಡಿದ್ದೆ." ಅವಳು ನನ್ನ ಎದುರಿಗೆ ನೆಲದ ಮೇಲೆ ಕೂತಳು. "ಓ ಅವನ್ದು. ಬಂದೆ ನಿಂದು. ಅಷ್ಟು ಗೊತ್ತಾಗಲ್ವಾ ನಂಗೆ. ಎಲ್ಲಿದಾನೆ?"

ಎಲ್ಲ ಹೇಳಿದೆ. ಮೀಸೆ, ಗಿಣಿಮರಿ, ಇಟ್ಟಿಗೆ, ಕೇರಂ, ಬಜ್ಜಿ ಕೂಡ ಬಿಡಲಿಲ್ಲ. ಚಪ್ಪಲಿಯ ಪಿನ್ನಿನ ಮಾತು ಬಂದಾಗ ಅವಳು, ಆ ಪಿನ್ನು ನಾನೇ ಹಾಕಿಕೊಟ್ಟಿದ್ದು, ಹಬ್ಬಕ್ಕೆ ಹೊಸದು ಕೊಡಿಸುತ್ತೇನೆ ಅಂದಿದ್ದೆ ಎಂದಳು. ಆಗ ನನಗೆ ಅಳು ಬಂತು, ಬಂದದ್ದು ನಿಲ್ಲಲಿಲ್ಲ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ. ಅದು ಸರಿಯೇ.

"ಒಂಬತ್ತು ದಿನ ನಾನು ಇಲ್ಲಿ ನಿಂತ್ಕೊಂಡು ಕರೀತಿದ್ದೆ," ಅಂದಳು. "ನೀವು ಗೋಡೆ ಹಿಂದೆ ಕೂತ್ಕೊಂಡು ಕೇಳಿಸ್ಕೊಂಡ್ರಿ. ಅವನಾದ್ರೂ ಓ ಅಂದ. ನೀವು ಮೂರು ಜನ ಅದನ್ನೂ ಅನ್ಲಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಎದ್ದು ಮುಖ ತೊಳೆದುಕೊಂಡು ಬಂದು, ನಾಳೆ ಭಾನುವಾರ ಮಧ್ಯಾಹ್ನ ಹೋಳಿಗೆ ಊಟ, ಪಾಲಾಕ್ಷನ ಸ್ನೇಹಿತರೆಲ್ಲ ಬರಬೇಕಂತೆ ಎಂದು ಹೇಳು, ಬೇರೆ ಏನೂ ಹೇಳಬೇಡ ಅಂದಳು. ನಾನು ಹಾಗೇ ಹೇಳಿದೆ. ಹೋಳಿಗೆ ಎಂದ ಮೇಲೆ ಹಾಲೇಶ ಬೇರೆ ಏನೂ ಕೇಳಲಿಲ್ಲ. ಕುಮುದ ತುಪ್ಪವೋ ಹಾಲೋ ಎಂದು ಕೇಳಿದಳು.

ಭಾನುವಾರ ನಡುಮನೆಯಲ್ಲಿ ನಾಲ್ಕು ಎಲೆ ಹಾಕಿತ್ತು. ಹಾಲೇಶ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದ, ಮೀಸೆಯೂ ಇತ್ತು. ಮೂರು ಎಲೆಗೆ ಕೂತೆವು, ಒಂದು ಖಾಲಿ. ಶಿವಗಂಗಮ್ಮ ಹೋಳಿಗೆಯ ತಟ್ಟೆ ಹಿಡಿದು ಬಂದು, ಬಡಿಸದೆ ನಿಂತಳು.

"ಅವನು ನಾನು ಕರದ್ರೆ ಬರ್ತಿಲ್ಲ. ನೀವು ಸ್ನೇಹಿತರು, ಒಬ್ಬೊಬ್ರಾಗಿ ಕರೀರಿ. ಬಂದ್ರೆ ಎಲ್ರಿಗೂ ಒಟ್ಟಿಗೇ ಬಡಿಸ್ತೀನಿ."

ನಾನು ಕರೆದೆ. ಓ ಅಂದ. ಕುಮುದ ಕರೆದಳು, ಹೋಳಿಗೆಯ ಮೇಲೆ ಕಣ್ಣಿಟ್ಟುಕೊಂಡೇ. ಓ ಅಂದ. ಹಾಲೇಶ ನಮ್ಮ ಮುಖ ನೋಡಿದ, ನಾನು ಎಲೆ ನೋಡಿದೆ. ಅವನು ಗಂಟಲು ಸರಿಮಾಡಿಕೊಂಡ. ಆಗ ನನಗೆ ಹೊಳೆಯಿತು, ಕೇರಂ ಕೋಣೆಯಲ್ಲಿ ಕರೆದವರು ಯಾವಾಗಲೂ ನಾವಿಬ್ಬರೇ. ಇಟ್ಟಿಗೆ ಗೂಡಿನಿಂದ ಬಂದಂದಿನಿಂದ ಹಾಲೇಶ ಒಂದು ಸಲವೂ ಪಾಲಾಕ್ಷನನ್ನು ಕರೆದಿರಲಿಲ್ಲ.

"ನೀನೂ ಕರೆಯಪ್ಪ," ಅಂದಳು ಶಿವಗಂಗಮ್ಮ.

"ಪಾಲಾಕ್ಷ," ಅಂದ ಹಾಲೇಶ. ದನಿ ಹೊರಗೆ ಬಂದದ್ದು ಅರ್ಧ.

ಅವನಿಗೆ ಉತ್ತರ ಬರುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ, ಅವನೂ ಹಾಗೇ ಅಂದುಕೊಂಡಿದ್ದನೋ ಏನೋ. ಬಂತು. ನಮ್ಮಿಬ್ಬರಿಗೆ ಹೇಳಿದ್ದಕ್ಕಿಂತ ಬೇಗ ಬಂತು. ಆಟಕ್ಕೆ ಕರೆದರೆ ಓಡಿ ಬರುವಾಗ ಹೇಗೋ ಹಾಗೆ, ಉದ್ದಕ್ಕೆ, ಖುಷಿಯಿಂದ. ಒಂದು ಚೂರೂ ಕೋಪವಿರಲಿಲ್ಲ ಅದರಲ್ಲಿ.

ಹಾಲೇಶ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಆಮೇಲೆ ಮುಖ ಮುಚ್ಚಿಕೊಂಡ. ತೆಗೆದಾಗ ಕಾಡಿಗೆ ಕೆನ್ನೆಯವರೆಗೆ ಬಳಿದುಕೊಂಡಿತ್ತು.

"ಅತ್ತೆ, ಅವನು ಇಟ್ಟಿಗೆ ಗೂಡಲ್ಲಿದಾನೆ. ನಾನೇ ಹೊಡೆದೆ."

"ಗೊತ್ತು. ನಿನ್ನ ಬಾಯಲ್ಲಿ ಕೇಳ್ಬೇಕಿತ್ತು."

ಅಡುಗೆಮನೆಯಿಂದ ಪೊಲೀಸ್ ದಫೇದಾರರು ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದರು. ಹಿಂದಿನ ಸಂಜೆ ಶಿವಗಂಗಮ್ಮ ಹೋಗಿ ತಿಳಿಸಿದಾಗಲೇ ಗೂಡಿಗೆ ಹೋಗುತ್ತೇನೆಂದು ಹೊರಟಿದ್ದವರನ್ನು ಅವಳೇ ಮರುದಿನ ಮಧ್ಯಾಹ್ನದವರೆಗೆ ತಡೆದಿದ್ದಳಂತೆ, ಕಾಯುವುದಕ್ಕೆ ಎರಡು ಹೋಳಿಗೆಯನ್ನೂ ಕೊಟ್ಟಿದ್ದಳು. ಹಾಲೇಶನನ್ನು ಕರೆದುಕೊಂಡು ಹೋದರು. ಅವನು ಆಮೇಲೆ ಬೇರೆ ಊರಿನ ಬಾಲಮಂದಿರದಲ್ಲಿ ಬೆಳೆದ. ಕುಮುದ ಎಲೆಯ ಮುಂದೆ ಕೂತೇ ಇದ್ದಳು, ಹಾಗಾದರೆ ಊಟ ಇಲ್ಲವೇ ಎಂದು ಕೇಳಿದಳು. ಅವಳು ಮುಂದೆ ದೊಡ್ಡ ಕೆಲಸಕ್ಕೆ ಸೇರಿದಳು, ಚೆನ್ನಾಗಿದ್ದಾಳೆ. ನನ್ನನ್ನು ದಫೇದಾರರು ಒಂದು ತಾಸು ವಿಚಾರಿಸಿ, ಬೈದು, ಬಿಟ್ಟುಬಿಟ್ಟರು. ನನ್ನನ್ನು ಬಿಡಬಾರದಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಮೂರು ದಿನ ಕಳೆದು ಹದಿಮೂರನೆಯ ದಿನ ಬಂತು. ಅಂಗಳದ ತುಂಬ ಜನ. ಕರೆಯಲು ಮನೆಯಲ್ಲಿ ಹಿರಿಯರೆಂದು ಬೇರೆ ಯಾರೂ ಇರಲಿಲ್ಲ, ತಾಯಿಯೇ ನಿಂತಳು. ನಾನು ಬೇಲಿಯ ಹತ್ತಿರ ಯಾರ ಕಣ್ಣಿಗೂ ಬೀಳದ ಹಾಗೆ ನಿಂತಿದ್ದೆ. ಅವಳು ಮೂರು ಸಲ ಕರೆದಳು, ಮೂರು ಸಲವೂ ಓ ಅಂದ. ಮೂರನೆಯದಾದ ಮೇಲೆ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಇವಳೂ ಹೇಳುವುದಿಲ್ಲ, ಇಟ್ಟುಕೊಳ್ಳುತ್ತಾಳೆ ಎಂದು ಹೆಂಗಸರು ಪಿಸುಗುಟ್ಟಿದರು.

"ಸಾಕಪ್ಪ," ಅಂದಳು ಕೊನೆಗೆ. "ಇನ್ನು ಓ ಅನ್ನಬೇಡ. ಎಲ್ರೂ ಕರ್ದು ಕರ್ದು ನಿಂಗೆ ಸುಸ್ತಾಗಿರುತ್ತೆ."

ಅಲ್ಲಿಗೆ ಮುಗಿಯಿತು. ಆಮೇಲೆ ಯಾರದೋ ಮಗು ತಡೆಯಲಾರದೆ ಪಾಲಾಕ್ಷ ಎಂದು ಕರೆಯಿತು. ಏನೂ ಕೇಳಲಿಲ್ಲ. ಆಗ ನನಗೆ ಅವನು ಸತ್ತಿದ್ದಾನೆ ಎಂದು ಗೊತ್ತಾಯಿತು.

ಜನ ಊಟಕ್ಕೆ ಕೂತರು. ನಾನು ಮೆಲ್ಲಗೆ ಮನೆಗೆ ಹೋಗಲು ತಿರುಗಿದಾಗ ಒಳಗಿನಿಂದ ಶಿವಗಂಗಮ್ಮ ನನ್ನ ಹೆಸರು ಹಿಡಿದು ಕೂಗಿದಳು.

"ಓ," ಅಂದೆ ನಾನು, ರೂಢಿಯಂತೆ.

ಪಂಕ್ತಿಯಲ್ಲಿ ಕೂತವರ ಮಾತೆಲ್ಲ ಒಮ್ಮೆಗೇ ನಿಂತಿತು. ಅವಳು ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಳು. ನಾನು ಕಣ್ಣೆದುರಿಗೇ ಇದ್ದೆ. ಆದರೂ ಅವಳು ನನ್ನ ಕಡೆ ನೋಡದೆ, ಕಿವಿಗೊಟ್ಟು, ಇನ್ನೊಂದು ಮಾತಿಗಾಗಿ ಕಾದಳು.

"ಬಂದೆ, ಅತ್ತೆ," ಅಂದೆ.

ಹೋದೆ. ಪಂಕ್ತಿಯ ಕೊನೆಯಲ್ಲಿ ನನಗೊಂದು ಎಲೆ ಹಾಕಿದ್ದಳು. ಅದರ ಮೇಲೆ ಬೇರೆ ಯಾರಿಗೂ ಬಡಿಸದ ಹಾಗಲಕಾಯಿ ಪಲ್ಯ ಇತ್ತು, ಬೆಲ್ಲ ಹಾಕಿರಲಿಲ್ಲ. ಅವಳು ಎದುರಿಗೆ ನಿಂತಿದ್ದಳು. ಒಂದು ಹೋಳೂ ಬಿಡದೆ ತಿಂದೆ.